ಬಗ್ಗಿದ ಬೆನ್ನು, ಬೀಸುವ ತೋಳು

(ವಿದ್ಯಾರ್ಥಿನಿಲಯದ ಗೆಳೆಯರ ನಾಟಕ ಶಿಬಿರದಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿದ್ದೇವೆ.)



ನಾಟಕ ಅಂದ ತಕ್ಷಣ ನಮ್ಮಲ್ಲಿ ಮೊದಲು ಹುಟ್ಟೋ ಪ್ರಶ್ನೆ "ನನ್ನ ಪಾರ್ಟು ಎಷ್ಟಿದೆ?" ಅನ್ನೋದು. ಹಾಳೆ ಕೈಗೆ ಬಂದರೆ ಸಾಕು, ಹಾಸ್ಟೆಲ್ಲಿನ ವರಾಂಡದಲ್ಲಿ ಅತ್ತಿಂದಿತ್ತ ಓಡಾಡಿಕೊಂಡು ಪರೀಕ್ಷೆಗೆ ಓದಿದ ಹಾಗೆ ಉರು ಹೊಡೀತೀವಿ. ಉರು ಹೊಡೆದದ್ದನ್ನ ಜನರ ಮುಂದೆ ಕಂಬದ ಹಾಗೆ ನಿಂತು ಒಪ್ಪಿಸಿ ಬರ್ತೀವಿ. ಈ ಶಿಬಿರದಲ್ಲಿ ಮೊದಲ ಮೂರು ದಿನ ಯಾರಿಗೂ ಹಾಳೆ ಕೊಡುವುದಿಲ್ಲ. ಕೆಲಸ ಇರೋದು ಮೈಗೆ ಮಾತ್ರ. ಇದನ್ನು ಕೇಳಿ ಒಬ್ಬ ತಮ್ಮ, "ನಮ್ಮಪ್ಪ ಅವ್ವ ದಿನವೆಲ್ಲ ಮೈ ಮುರಿದು ದುಡೀತಾರೆ. ಅದನ್ನ ತಪ್ಪಿಸಿಕೊಳ್ಳೋಕೇ ನಾವು ಓದೋಕೆ ಬಂದದ್ದು. ಇಲ್ಲೂ ಮೈ ಮುರೀಬೇಕಾ?" ಅಂತ ನಗಾಡಿದ. ಅವನು ನಗಾಡಿದ್ದು ಸರಿ. ಆದರೆ ಆ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡದೆ ನಿಮ್ಮನ್ನು ಕಸರತ್ತಿಗೆ ಎಬ್ಬಿಸೋದು ನ್ಯಾಯ ಅಲ್ಲ.

ಮೊದಲು ನಾವು ಆಡೋ ಜಾಗ ನೋಡಿ. ಕೇರಿಯ ಮುಂದೆ, ಸಂತೆ ಮಾಳದಲ್ಲಿ, ಬಸ್ ಸ್ಟ್ಯಾಂಡಿನ ಪಕ್ಕ. ಪರದೆ ಇಲ್ಲ, ಲೈಟಿಲ್ಲ, ಬಣ್ಣದ ಮನೆ ಇಲ್ಲ. ಲಾರಿ ಹಾರನ್ನಿಗೆ ಮಾತೆಲ್ಲ ಮುಳುಗಿ ಹೋಗುತ್ತೆ. ಹಿಂದೆ ನಿಂತು ನೋಡೋನಿಗೆ ಕಾಣೋದು ನಮ್ಮ ಮೈ ಅಷ್ಟೆ. 1977ರಲ್ಲಿ ಬಿಹಾರದ ಬೆಲ್ಚಿ ಅನ್ನೋ ಹಳ್ಳಿಯಲ್ಲಿ ಹನ್ನೊಂದು ಜನರನ್ನು ಕೊಂದು ಬೆಂಕಿಗೆ ಹಾಕಿದರು. ಸತ್ತವರಲ್ಲಿ ಹೆಚ್ಚಿನವರು ದಲಿತರು. ಅದರ ಮೇಲೆ ಸಮುದಾಯ ತಂಡದವರು 'ಬೆಲ್ಚಿ' ಅಂತಲೇ ಬೀದಿನಾಟಕ ಕಟ್ಟಿ ಕರ್ನಾಟಕದಲ್ಲಿ ಆಡಿದರು. ಬೀದಿಗೆ ಗುಡಿಸಲು ಹೊತ್ತುಕೊಂಡು ಹೋಗೋಕಾಗುತ್ತಾ? ಬೆಂಕಿ ಹಚ್ಚೋಕಾಗುತ್ತಾ? ಬೀದಿನಾಟಕದಲ್ಲಿ ಗೋಡೆ ಆಗಬೇಕಾದ್ದೂ ಬೆಂಕಿ ಆಗಬೇಕಾದ್ದೂ ನಟನ ಮೈಯೇ. ಹಾಗಾಗಿ ಮೈ ಪಳಗಿಸೋದು ಶೋಕಿಯ ಮಾತಲ್ಲ.

ಆದರೆ ಯಾವ ಮೈ? ರಂಗಶಾಲೆಗಳಲ್ಲಿ ಮೊದಲ ಪಾಠ ಹೀಗೆ ಶುರುವಾಗೋದುಂಟು: ಮೈ ಸಡಿಲ ಬಿಡಿ, ಖಾಲಿ ಮಾಡಿಕೊಳ್ಳಿ, ಬಿಳಿ ಹಾಳೆ ಹಾಗೆ ಆಗಿ. ಬಿಳಿ ಹಾಳೆಯಂಥ ಮೈ ಲೋಕದಲ್ಲಿ ಯಾರಿಗೂ ಇಲ್ಲ ಅಂತ ನಾವು ಹೇಳ್ತೀವಿ. ನಮಗಂತೂ ಇಲ್ಲವೇ ಇಲ್ಲ. ನಾವು ಶಿಬಿರಕ್ಕೆ ಬರೋ ಹೊತ್ತಿಗೆ ನಮ್ಮ ಮೈಗೆ ಎರಡು ತರಬೇತಿ ಮುಗಿದಿರುತ್ತೆ. ನಾಟಿ ಹಾಕುವಾಗ ಅವ್ವನ ಬೆನ್ನು ಬಗ್ಗುತ್ತೆ. ಗೌಡರ ಮನೆ ಜಗಲಿ ಮುಂದೆ ಕೂಲಿ ಕೇಳುವಾಗಲೂ ಅದೇ ಬೆನ್ನು ಬಗ್ಗುತ್ತೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಹತ್ತಿರ ಹೋಗಿ ನೋಡಿ. ಗದ್ದೆಯಲ್ಲಿ ಬಗ್ಗಿದಾಗ ತೂಕ ಎರಡೂ ಕಾಲಿನ ಮೇಲೆ ಸಮ ಇರುತ್ತೆ, ಕೈ ಚುರುಕಾಗಿರುತ್ತೆ, ಕತ್ತು ಸಡಿಲ ಇರುತ್ತೆ, ಬಾಯಲ್ಲಿ ಹಾಡೂ ಇರಬಹುದು. ಜಗಲಿ ಮುಂದೆ ಬಗ್ಗಿದಾಗ ಕತ್ತು ಬಿಗಿ, ಉಸಿರು ಮೇಲೆ, ಕೈಗೆ ಏನು ಮಾಡಬೇಕೋ ಗೊತ್ತಿಲ್ಲ. ಮೊದಲನೆಯದು ವಿದ್ಯೆ. ಎರಡನೆಯದು ಹೆದರಿಕೆ. ಈ ಎರಡೂ ನಮ್ಮ ಮೈಯಲ್ಲಿ ಕಲಸಿ ಹೋಗಿವೆ. ನಟನ ತಾಲೀಮು ಅಂದರೆ ಇವನ್ನ ಬೇರೆ ಬೇರೆ ಮಾಡೋದು.

ಬೇರೆ ಮಾಡದೆ ಹೋದರೆ ಏನಾಗುತ್ತೆ ಅಂತ ಕಾಲೇಜು ನಾಟಕ ಆಡಿದವರಿಗೆ ಗೊತ್ತು. ನಮ್ಮ ಹುಡುಗನಿಗೆ ಆಳಿನ ಪಾತ್ರ, ಕಾವಲುಗಾರನ ಪಾತ್ರ, ಹೊರೆ ಹೊತ್ತು ದಾಟಿ ಹೋಗೋ ಪಾತ್ರ. ಯಾಕೆ ಸಾರ್ ಅಂದರೆ "ನಿನ್ನ ಮೈಗೆ ಅದು ಒಪ್ಪುತ್ತೆ" ಅಂತಾರೆ. ಹೊಗಳಿದ ಹಾಗೇ ಇರುತ್ತೆ ಆ ಮಾತು. ನಿಮ್ಮಲ್ಲೂ ಕೆಲವರು ಅದನ್ನ ಹೊಗಳಿಕೆ ಅಂತಲೇ ತಗೊಂಡಿರ್ತೀರಿ.

ಈಗ ದೂರದ ದೇಶದ ಇಬ್ಬರ ವಿಷಯ ಹೇಳ್ತೀವಿ. ಒಬ್ಬರು ಮೈಯಲ್ಲಿರೋ ವಿದ್ಯೆಯನ್ನ ಹಿಡಿದುಕೊಂಡವರು, ಇನ್ನೊಬ್ಬರು ಮೈಯಲ್ಲಿರೋ ಬಿಗಿಯನ್ನ ಹಿಡಿದುಕೊಂಡವರು. ನಮಗೆ ಇಬ್ಬರೂ ಬೇಕು.

ರಷ್ಯದ ವ್ಸೆವೊಲೊದ್ ಮೆಯರ್‌ಹೋಲ್ಡ್. ಹುಟ್ಟಿದ್ದು 1874ರಲ್ಲಿ. ಕ್ರಾಂತಿ ಆದ ಮೇಲೆ 1920ರ ದಶಕದ ಮೊದಲಲ್ಲಿ ಮಾಸ್ಕೋದಲ್ಲಿ ನಟರಿಗೆ ಒಂದು ಹೊಸ ತಾಲೀಮು ಕಟ್ಟಿದರು. ಬಯೋಮೆಕ್ಯಾನಿಕ್ಸ್ ಅಂತ ಅದಕ್ಕೆ ಹೆಸರು. ಆಗ ಅಲ್ಲಿ ದೊಡ್ಡ ಹೆಸರು ಸ್ತಾನಿಸ್ಲಾವ್‌ಸ್ಕಿಯವರದು. ಮೆಯರ್‌ಹೋಲ್ಡ್ ಅವರ ತಂಡದಲ್ಲೇ ನಟನಾಗಿದ್ದವರು. ಆದರೆ ನಟ ಮೊದಲು ಒಳಗಿನ ಭಾವ ಹುಡುಕಬೇಕು, ಮೈ ಆಮೇಲೆ ತಾನೇ ಬರುತ್ತೆ ಅನ್ನೋ ದಾರಿಯನ್ನ ಇವರು ಒಪ್ಪಲಿಲ್ಲ. ಮೈಯನ್ನ ಸರಿಯಾಗಿ ಇಟ್ಟರೆ ಭಾವ ಹಿಂದಿನಿಂದ ಬರುತ್ತೆ ಅಂದರು.

ಸರಿಯಾಗಿ ಅಂದರೆ ಹೇಗೆ? ಇದನ್ನ ಕಲಿಯೋಕೆ ಅವರು ಅರಮನೆಯ ನರ್ತಕಿಯರ ಹತ್ತಿರ ಹೋಗಲಿಲ್ಲ. ಕೆಲಸ ಬಲ್ಲ ಕೂಲಿಯವನನ್ನ ನೋಡಿ ಅಂದರು. ಅವನು ವೃಥಾ ಒಂದು ಚಲನೆಯನ್ನೂ ಮಾಡೋದಿಲ್ಲ. ಅವನಿಗೆ ಲಯ ಇದೆ. ಮೈಯ ತೂಕ ಎಲ್ಲಿದೆ ಅಂತ ಗೊತ್ತು. ನಿಂತರೆ ಅಲುಗಾಡೋದಿಲ್ಲ. ಈ ನಾಲ್ಕು ಗುಣ ಇರೋ ಕೆಲಸ ಕುಣಿತಕ್ಕೆ ಹತ್ತಿರ ಅಂತ 1922ರಲ್ಲಿ ಮಾಡಿದ ಭಾಷಣದಲ್ಲಿ ಹೇಳಿದರು. ಸೌದೆ ಒಡೆಯೋ ಅಪ್ಪನನ್ನ, ಭತ್ತ ಬಡಿಯೋ ಚಿಕ್ಕಮ್ಮನನ್ನ, ಚಪ್ಪಲಿ ಹೊಲಿಯೋ ತಾತನನ್ನ ನೋಡಿ ಬೆಳೆದ ನಮಗೆ ಈ ಮಾತು ಬಿಡಿಸಿ ಹೇಳಬೇಕಾ?

ಅವರ ತಾಲೀಮಿನ ಕೀಲು ಒಂದೇ. ಯಾವ ಚಲನೆಯಾದರೂ ಮೂರು ಭಾಗ ಮಾಡಬೇಕು. ಮೊದಲನೆಯದಕ್ಕೆ ಅವರು 'ಒತ್ಕಾಜ್' ಅಂದರು, ನಿರಾಕರಣೆ ಅಂತ ಅರ್ಥ. ಎದುರಿಗೆ ಹೋಗಬೇಕಾದರೆ ಮೊದಲು ಹಿಂದಕ್ಕೆ ಹೋಗು. ಕೂರಬೇಕಾದರೆ ಮೊದಲು ಕೊಂಚ ಮೇಲಕ್ಕೆ ಏಳು. ಎರಡನೆಯದು ಚಲನೆ. ಮೂರನೆಯದು ನಿಲುವು, ಮುಗಿದ ಜಾಗದಲ್ಲಿ ಮೈ ಗಟ್ಟಿಯಾಗಿ ನಿಲ್ಲೋದು. ಅಲ್ಲಿಂದ ಮತ್ತೆ ಮುಂದಿನ ನಿರಾಕರಣೆ. ತಮಟೆ ಬಡಿಯೋನ ಕೈ ನೋಡಿ. ಕೋಲು ಚರ್ಮದಿಂದ ಎಷ್ಟು ದೂರ ಹೋಗುತ್ತೋ ಪೆಟ್ಟು ಅಷ್ಟು ಖಚಿತ. ಕೊಡಲಿ ಮೇಲಕ್ಕೆ ಹೋಗದೆ ಸೌದೆ ಸೀಳೋದಿಲ್ಲ. ನಮಗೆ ಇದು ಮೈಗೆ ಗೊತ್ತಿದೆ, ಬಾಯಿಗೆ ಗೊತ್ತಿಲ್ಲ ಅಷ್ಟೆ. ಬೀದಿಯಲ್ಲಿ ಇದರಿಂದ ದೊಡ್ಡ ಲಾಭ ಇದೆ. ಹೊಡೆಯೋ ಮುಂಚೆ ಕೈ ಹಿಂದಕ್ಕೆ ಹೋಗಿ ಒಂದು ಕ್ಷಣ ನಿಂತಾಗ, ಜನ ಉಸಿರು ಹಿಡಿದು ನೋಡ್ತಾರೆ. ಮಾತು ಕೇಳಿಸದಿದ್ದರೂ ಏನೋ ಆಗುತ್ತೆ ಅಂತ ತಿಳಿಯುತ್ತೆ.

ಇದನ್ನ ಕಲಿಸೋಕೆ ಅವರು ಸಣ್ಣ ಸಣ್ಣ ಪಾಠ ಕಟ್ಟಿದರು. ಬಿಲ್ಲು ಹೊಡೆಯೋದು, ಕಲ್ಲು ಎಸೆಯೋದು, ಕೆನ್ನೆಗೆ ಬಾರಿಸೋದು, ಚೂರಿಯಿಂದ ಇರಿಯೋದು. ಕೈಯಲ್ಲಿ ಬಿಲ್ಲೂ ಇಲ್ಲ, ಕಲ್ಲೂ ಇಲ್ಲ. ಒಂದು ಕಲ್ಲು ಎಸೆಯೋದಕ್ಕೆ ಓಡೋದು, ಬಗ್ಗೋದು, ಎತ್ತೋದು, ಗುರಿ ನೋಡೋದು, ಹಿಂದಕ್ಕೆ ವಾಲೋದು, ಎಸೆಯೋದು, ಬಿತ್ತೋ ಇಲ್ಲವೋ ಅಂತ ಕಣ್ಣಿಟ್ಟು ನಿಲ್ಲೋದು. ಒಂದೊಂದನ್ನೂ ಬಿಡಿಸಿ ಬಿಡಿಸಿ ಮಾಡಬೇಕು. 1922ರ ಏಪ್ರಿಲ್‌ನಲ್ಲಿ ಅವರು ಆಡಿಸಿದ ನಾಟಕವೊಂದರಲ್ಲಿ ನಟರು ಹಾಕಿಕೊಂಡದ್ದು ಕಾರ್ಖಾನೆಯವರ ಥರದ ನೀಲಿ ಬಟ್ಟೆ. ಲ್ಯುಬೊವ್ ಪೊಪೊವ ಅನ್ನೋ ಕಲಾವಿದೆ ಕಟ್ಟಿಕೊಟ್ಟ ಗಾಲಿ, ಮೆಟ್ಟಿಲು, ಇಳಿಜಾರು, ಅಷ್ಟೇ ರಂಗ.

ಒಂದು ವಿಷಯದಲ್ಲಿ ಮಾತ್ರ ನಮಗೆ ಅವರ ಜೊತೆ ತಕರಾರಿದೆ. ಅಮೆರಿಕದ ಟೇಲರ್ ಅನ್ನೋ ಇಂಜಿನಿಯರು ಕೂಲಿಯವನ ಪಕ್ಕ ಗಡಿಯಾರ ಹಿಡಿದು ನಿಂತು ಯಾವ ಚಲನೆಗೆ ಎಷ್ಟು ಸೆಕೆಂಡು ಅಂತ ಲೆಕ್ಕ ಹಾಕಿದವನು. ಮೆಯರ್‌ಹೋಲ್ಡ್ ಅವನ ಲೆಕ್ಕವನ್ನೂ ಮೆಚ್ಚಿಕೊಂಡರು. ಆ ಗಡಿಯಾರ ಹುಟ್ಟಿದ್ದು ಕೂಲಿಯವನಿಂದ ಹೆಚ್ಚು ಹಿಂಡೋಕೆ. ಅದನ್ನ ನಾವು ಮರೆಯೋದು ಬೇಡ.

ಅವರ ಕೊನೆ ಕೇಳಿದರೆ ಮೈ ನಡುಗುತ್ತೆ. ಯಾವ ಕ್ರಾಂತಿಗೆ ನಾಟಕ ಆಡಿದರೋ ಆ ಕ್ರಾಂತಿಯ ಹೆಸರಿನ ಸರ್ಕಾರವೇ 1939ರ ಜೂನ್‌ನಲ್ಲಿ ಅವರನ್ನ ಹಿಡಿಯಿತು. ಅರವತ್ತೈದು ವರ್ಷದ ಮುದುಕನನ್ನ ಬೋರಲು ಮಲಗಿಸಿ ಅಂಗಾಲಿಗೂ ಬೆನ್ನಿಗೂ ರಬ್ಬರು ಪಟ್ಟಿಯಲ್ಲಿ ಹೊಡೆದರು. ಹೀಗೆ ಹೊಡೆದರು ಅಂತ ಅವರೇ ಜೈಲಿನಿಂದ ಸರ್ಕಾರಕ್ಕೆ ಪತ್ರ ಬರೆದರು. 1940ರ ಫೆಬ್ರವರಿ 2ರಂದು ಗುಂಡಿಟ್ಟು ಕೊಂದರು. ಅವರ ಹೆಸರು ಹೇಳೋದೂ ಅಪಾಯ ಅನ್ನೋ ಕಾಲ ಬಂತು. 1955ರಲ್ಲಿ ಅವರು ನಿರಪರಾಧಿ ಅಂತ ತೀರ್ಮಾನ ಆಯಿತು. ತಾಲೀಮು ಉಳಿದದ್ದು ಪುಸ್ತಕದಲ್ಲಿ ಅಲ್ಲ, ಅವರ ನಟ ನಿಕೊಲಾಯ್ ಕುಸ್ತೊವ್ ಅವರ ಮೈಯಲ್ಲಿ. ಅವರು 1970ರ ದಶಕದಲ್ಲಿ ಮಾಸ್ಕೋದ ಕೆಲವು ಎಳೆಯ ನಟರಿಗೆ ಅದನ್ನ ದಾಟಿಸಿದರು.

ಇನ್ನೊಬ್ಬರು ಬ್ರೆಜಿಲ್ ದೇಶದ ಅಗಸ್ಟೊ ಬೊಆಲ್. 1931ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ಬೇಕರಿಯವರ ಮಗ. ಅಮೆರಿಕಕ್ಕೆ ಹೋಗಿ ಕೆಮಿಕಲ್ ಇಂಜಿನಿಯರಿಂಗ್ ಓದಿ, ವಾಪಸ್ಸು ಬಂದು ನಾಟಕಕ್ಕೆ ಬಿದ್ದರು. 1971ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ಅವರನ್ನ ಹಿಡಿದು ಹಿಂಸೆ ಕೊಟ್ಟಿತು. ಆಮೇಲೆ ದೇಶ ಬಿಟ್ಟು ಹೋಗಬೇಕಾಯಿತು. 1973ರಲ್ಲಿ ಪಕ್ಕದ ಪೆರು ದೇಶದಲ್ಲಿ ಸರ್ಕಾರ ಅಕ್ಷರ ಕಲಿಸೋ ಚಳವಳಿ ಶುರು ಮಾಡಿದಾಗ ಅದರಲ್ಲಿ ಸೇರಿಕೊಂಡರು. ಒಂದು ಕೋಟಿ ನಲವತ್ತು ಲಕ್ಷ ಜನರಲ್ಲಿ ಮೂವತ್ತು ನಲವತ್ತು ಲಕ್ಷ ಜನಕ್ಕೆ ಓದು ಬರಹ ಸರಿಯಾಗಿ ಬಾರದು ಅಂತ ಅವರೇ ಬರೆದಿದ್ದಾರೆ. ಆಳೋರ ಭಾಷೆ ಸ್ಪ್ಯಾನಿಷ್, ಗುಡ್ಡಗಾಡಿನ ಜನರದು ಕೆಚುವಾ, ಐಮಾರಾ. ಅಂಥ ಕಡೆ ಮಾತಿನ ನಾಟಕ ಏನು ಮಾಡೀತು? ಅದಕ್ಕೆ ಮೈಯಿಂದ ಶುರು ಮಾಡಿದರು.

ಬೊಆಲ್ ಕೇಳಿದ ಪ್ರಶ್ನೆ ನಮ್ಮದೇ. ದುಡಿಮೆ ಮೈಯನ್ನ ಏನು ಮಾಡಿದೆ? ಅವರು ಕೊಡೋ ಉದಾಹರಣೆ ಹೀಗಿದೆ. ಟೈಪಿಸ್ಟ್ ಒಬ್ಬಳಿಗೆ ಬೆರಳು, ತೋಳು ಜೀವಂತ. ಸೊಂಟದಿಂದ ಕೆಳಗೆ ಅವಳ ಮೈ ಒಂದು ಪೀಠ ಆಗಿಬಿಡುತ್ತೆ. ಕಾರ್ಖಾನೆ ಕಾಯೋ ರಾತ್ರಿ ಕಾವಲುಗಾರನಿಗೆ ಎಂಟು ಗಂಟೆ ನಡೆದೂ ನಡೆದೂ ಮೈಯೆಲ್ಲ ನಡಿಗೆಗೇ ಹೊಂದಿಕೊಂಡುಬಿಡುತ್ತೆ. ಇಬ್ಬರಿಗೂ ತಮ್ಮ ಮೈ ಹೀಗಾಗಿದೆ ಅಂತ ಗೊತ್ತಿಲ್ಲ. ಆ ಕಟ್ಟನ್ನ ಬಿಚ್ಚಿ ನೋಡೋದೇ ಮೊದಲ ಪಾಠ. ಬಿಚ್ಚೋದು ಅಂದರೆ ಕೆಡಿಸೋದಲ್ಲ, ಕಂಡುಕೊಳ್ಳೋದು. ತನ್ನ ಮೈ ಕಟ್ಟನ್ನ ಬಿಚ್ಚಬಲ್ಲವನು ಇನ್ನೊಬ್ಬನ ಮೈ ಕಟ್ಟನ್ನ ಧರಿಸಬಲ್ಲ. ಆಗ ಅವನು ಆಳಿನ ಪಾತ್ರಕ್ಕೆ ಸೀಮಿತ ಅಲ್ಲ.

ಅವರ ಆಟಗಳಲ್ಲಿ ಮೂರನ್ನ ನಾವು ಇಲ್ಲಿ ಮಾಡ್ತೀವಿ. ಮೊದಲನೆಯದು ನಿಧಾನದ ಓಟ. ಕೊನೆಗೆ ಮುಟ್ಟಿದವನೇ ಗೆದ್ದವನು. ಆದರೆ ನಿಲ್ಲೋ ಹಾಗಿಲ್ಲ. ಆದಷ್ಟು ದೊಡ್ಡ ಹೆಜ್ಜೆ ಇಡಬೇಕು. ಎತ್ತಿದ ಪಾದ ಇನ್ನೊಂದು ಮಂಡಿಗಿಂತ ಮೇಲೆ ಹಾಯಬೇಕು. ಒಂದು ಪಾದ ನೆಲ ಮುಟ್ಟುತ್ತಲೇ ಇನ್ನೊಂದು ಏಳಬೇಕು. ಕೇಳೋಕೆ ಮಕ್ಕಳಾಟ. ಹತ್ತು ಮೀಟರ್ ಮುಗಿಸೋ ಹೊತ್ತಿಗೆ ತೊಡೆ ನಡುಗುತ್ತೆ. ವೇಗದಲ್ಲಿ ಮೈ ತನ್ನ ಹಳೇ ಚಾಳಿಯಲ್ಲೇ ನುಗ್ಗುತ್ತೆ, ನಿಧಾನದಲ್ಲಿ ಆ ಚಾಳಿ ಸಿಕ್ಕಿಬೀಳುತ್ತೆ. ಬೀಳೋ ಹಾಗಾದಾಗ ನಿಮ್ಮ ಕತ್ತು ಎಲ್ಲಿಗೆ ಹೋಗುತ್ತೆ, ಭುಜ ಎಲ್ಲಿಗೆ ಏರುತ್ತೆ ನೋಡಿಕೊಳ್ಳಿ. ಜಗಲಿ ಮುಂದಿನ ಕತ್ತು ಅಲ್ಲೇ ಕಾಣುತ್ತೆ.

ಎರಡನೆಯದು ಅಂಗೈ ಆಟ. ಇಬ್ಬರು ಎದುರುಬದುರು. ಒಬ್ಬನ ಅಂಗೈ ಇನ್ನೊಬ್ಬನ ಮುಖದ ಮುಂದೆ ಒಂದು ಗೇಣು ದೂರದಲ್ಲಿ. ಅಂಗೈ ಎಲ್ಲಿಗೆ ಹೋದರೆ ಮುಖ ಅಲ್ಲಿಗೆ, ಆ ಒಂದು ಗೇಣು ಹೆಚ್ಚುಕಮ್ಮಿ ಆಗಬಾರದು. ನೆಲಕ್ಕೆ ಒಯ್ಯಬಹುದು, ಸುತ್ತಿಸಬಹುದು, ಇವನ ಕಾಲ ಸಂದಿಯಲ್ಲಿ ಅವನ ತಲೆ ನುಗ್ಗಿಸಬಹುದು. ಎಂದೂ ಬಳಸದ ಸ್ನಾಯುಗಳೆಲ್ಲ ಎಚ್ಚರಾಗ್ತವೆ. ಆಮೇಲೆ ಅದಲು ಬದಲು. ಕೊನೆಗೆ ಇಬ್ಬರೂ ಒಟ್ಟಿಗೇ ಆಡಿಸ್ತಾರೆ, ಒಟ್ಟಿಗೇ ಆಡ್ತಾರೆ. ಇದರಲ್ಲಿ ನಾವು ಕಂಡದ್ದನ್ನ ಹೇಳಬೇಕು. ಮನೆಯಲ್ಲಿ ಹೇಳಿಸಿಕೊಂಡೇ ಬೆಳೆದ ಹುಡುಗನ ಕೈಗೆ ಮೊದಲ ಸಲ ಇನ್ನೊಬ್ಬನ ಮುಖ ಸಿಕ್ಕಿದಾಗ, ಅವನೂ ದಣಿಯ ಥರವೇ ಆಡಿಸೋಕೆ ಶುರು ಮಾಡ್ತಾನೆ. ಸರ್ರನೆ ಎಳೀತಾನೆ, ಎದುರಿನವನು ಮುಗ್ಗರಿಸಿದರೆ ನಗ್ತಾನೆ. ಯಾರೂ ಅವನಿಗೆ ಅದನ್ನ ಹೇಳಿಕೊಟ್ಟಿರೋದಿಲ್ಲ. ದಣಿಯೂ ನಮ್ಮ ಮೈಯೊಳಗೇ ಕೂತಿದ್ದಾನೆ. ಅದಕ್ಕೇ ಎದುರಿನವನ ಮೈಗೆ ಆಗದ್ದನ್ನ ಮಾಡಿಸಬಾರದು ಅನ್ನೋದು ಆಟದ ನಿಯಮ.

ಮೂರನೆಯದು ಕಾಲು ಹೆಣೆದ ಓಟ. ಇಬ್ಬರು ಹೆಗಲು ತಬ್ಬಿಕೊಂಡು, ಒಬ್ಬನ ಎಡಗಾಲಿಗೆ ಇನ್ನೊಬ್ಬನ ಬಲಗಾಲು ಹೆಣೆದು ಒಂದೇ ಮೈಯಾಗಿ ಓಡಬೇಕು. ನನ್ನ ಕಾಲು ನೀನು, ನಿನ್ನ ಕಾಲು ನಾನು. ಹುಡುಗರು ಹುಡುಗರ ಜೊತೆ, ತಂಗಿಯರು ತಂಗಿಯರ ಜೊತೆ. ಬೊಆಲ್‌ಗೆ ಇದು ಬರೀ ಸ್ನಾಯುವಿನ ಆಟ ಆಗಿದ್ದಿರಬಹುದು. ನಮ್ಮ ದೇಶದಲ್ಲಿ ಅದು ಬೇರೆಯೇ ಆಗುತ್ತೆ. ಎಲ್ಲಾ ಜಾತಿಯ ಹುಡುಗರು ಸೇರಿದ ಶಿಬಿರದಲ್ಲಿ ಜೊತೆ ಹುಡುಕಿಕೊಳ್ಳಿ ಅಂದಾಗ ಒಂದು ಅರೆಕ್ಷಣ ಸುಮ್ಮನಾಗುತ್ತೆ. ಕಣ್ಣು ಅತ್ತಿತ್ತ ಹೋಗುತ್ತೆ. ಬಾಯಲ್ಲಿ ಸಮಾನತೆ ಅಂದವನ ಭುಜ ಒಂದು ಗುಲಗಂಜಿಯಷ್ಟು ಹಿಂದಕ್ಕೆ ಸರಿಯುತ್ತೆ. ನಮ್ಮವನ ಭುಜವೂ ಸರಿಯುತ್ತೆ, ಅವನು ಮುಟ್ಟಿಸಿಕೊಳ್ಳಲಾರ ಅನ್ನೋ ಅನುಮಾನದಿಂದ. ಎಷ್ಟು ಭಾಷಣ ಮಾಡಿದರೂ ಹೊರಗೆ ಬಾರದ್ದು ಆ ಅರೆಕ್ಷಣದಲ್ಲಿ ಬರುತ್ತೆ. ಅದನ್ನ ದೊಡ್ಡದು ಮಾಡಿ ಯಾರನ್ನೂ ಹಿಡಿದು ನಿಲ್ಲಿಸಬೇಡಿ. ಓಟ ಮುಗಿದ ಮೇಲೆ ಕೂತು ಮಾತಾಡೋಣ. ಬೆವರು ಬೆರೆತ ಮೇಲೆ ಮಾತು ಸಲೀಸು.

ಇದಾದ ಮೇಲೆ ಚೀಟಿ ಆಟ. ಚೀಟಿಯಲ್ಲಿ ಕಸುಬುಗಳ ಹೆಸರಿರುತ್ತೆ, ಒಂದೊಂದೂ ಎರಡೆರಡು ಚೀಟಿ. ಮಾತಾಡದೆ ಮೈಯಲ್ಲೇ ಅದನ್ನ ತೋರಿಸ್ತಾ ಜೊತೆಗಾರನನ್ನ ಹುಡುಕಬೇಕು. ಪೊಲೀಸು, ಮೇಷ್ಟ್ರು, ಸಾಹುಕಾರ, ಪೂಜಾರಿ, ಕೂಲಿ. ನಾವು ಕೂಲಿಯವನನ್ನ ಹೇಗೆ ತೋರಿಸ್ತೀವಿ? ಹತ್ತರಲ್ಲಿ ಎಂಟು ಜನ ಬೆನ್ನು ಬಗ್ಗಿಸಿ, ಕೈ ಮುಗಿದು, ಕೆಮ್ಮುತ್ತಾ ಬರ್ತಾರೆ. ಸ್ವಂತ ಅಪ್ಪನನ್ನ ನೋಡಿ ಬೆಳೆದವರೂ ಸಿನಿಮಾದ ಕೂಲಿಯನ್ನೇ ತೋರಿಸ್ತಾರೆ! ಆ ಬೀಸುವ ತೋಳು ಎಲ್ಲಿ ಹೋಯಿತು, ಆ ಗಟ್ಟಿ ನಿಲುವು ಎಲ್ಲಿ ಹೋಯಿತು? ಇಲ್ಲಿ ಮೆಯರ್‌ಹೋಲ್ಡ್ ಪಾಠ ತಗೊಳ್ಳಿ. ಮಾಡೋ ಕೆಲಸವನ್ನ ಬಿಡಿಸಿ ಬಿಡಿಸಿ ತೋರಿಸಿ, ಕೊಡಲಿಯ ತೂಕ ತೋರಿಸಿ. ದಣಿ ಎದುರಿಗೆ ಬಂದಾಗ ಅದೇ ಮೈ ಹೇಗೆ ಮುದುಡುತ್ತೆ ಅಂತ ಆಮೇಲೆ ತೋರಿಸಿ. ನೋಡೋ ಜನಕ್ಕೆ ಎರಡರ ನಡುವಿನ ಅಂತರ ಕಾಣಬೇಕು.

ಕೊನೆಯ ದಿನ ಚಿತ್ರ ಕಟ್ಟೋ ಆಟ. ಒಬ್ಬರು ಶಿಲ್ಪಿ, ಉಳಿದವರು ಜೇಡಿಮಣ್ಣು. ಶಿಲ್ಪಿ ಮಾತಾಡೋ ಹಾಗಿಲ್ಲ. ಕೈಯಿಂದ ಬೇರೆಯವರ ಮೈಯನ್ನ ತಿದ್ದಿ ನಿಲ್ಲಿಸಿ, ತನ್ನ ಊರಿನಲ್ಲಿ ಕಂಡದ್ದನ್ನ ತೋರಿಸಬೇಕು. ಆಮೇಲೆ ಹೇಗಿರಬೇಕು ಅನ್ನೋ ಇನ್ನೊಂದು ಚಿತ್ರ. ಆಮೇಲೆ ಮೊದಲನೆಯದರಿಂದ ಎರಡನೆಯದಕ್ಕೆ ಹೋಗೋ ದಾರಿಯ ಚಿತ್ರ. ಪೆರುವಿನಲ್ಲಿ ಒಟುಸ್ಕೊ ಅನ್ನೋ ಊರಿನ ಒಬ್ಬ ಹೆಣ್ಣುಮಗಳು ಕಟ್ಟಿದ ಚಿತ್ರವನ್ನ ಬೊಆಲ್ ಬರೆದಿಟ್ಟಿದ್ದಾರೆ. ಆ ಊರಲ್ಲಿ ರೈತರು ತಿರುಗಿಬಿದ್ದಾಗ ಜಮೀನ್ದಾರನ ಕಡೆಯವರು ಅವರ ನಾಯಕನನ್ನ ಊರ ನಡುವೆ, ಎಲ್ಲರ ಕಣ್ಣೆದುರಿಗೆ, ಬೀಜ ಒಡೆದು ಗಂಡಸುತನ ಕಳೆದರು. ಅವಳು ಒಬ್ಬನನ್ನ ನೆಲಕ್ಕೆ ಕೆಡವಿದಳು, ಇಬ್ಬರನ್ನ ಅವನ ಮೇಲೆ ನಿಲ್ಲಿಸಿದಳು, ಕೈ ಹಿಂದಕ್ಕೆ ಕಟ್ಟಿಸಿಕೊಂಡ ಜನರನ್ನ ಮಂಡಿಯೂರಿಸಿದಳು, ಬಂದೂಕಿನವರನ್ನ ಹಿಂದೆ ಇಟ್ಟಳು, ಪಕ್ಕದಲ್ಲಿ ಪ್ರಾರ್ಥನೆ ಮಾಡ್ತಾ ಕೂತ ಒಬ್ಬ ಹೆಂಗಸನ್ನ ಇಟ್ಟಳು. ಒಂದು ಮಾತೂ ಇಲ್ಲ.

ಈ ಚಿತ್ರವನ್ನ ಬದಲಾಯಿಸಿ ಅಂದಾಗ ಒಬ್ಬೊಬ್ಬರು ಒಂದೊಂದು ಕಡೆಯಿಂದ ಶುರು ಮಾಡಿದರು. ರಾಜಧಾನಿ ಲಿಮಾದ ಹುಡುಗಿಯರು ಪ್ರಾರ್ಥನೆ ಮಾಡ್ತಿದ್ದ ಹೆಂಗಸನ್ನೇ ಮೊದಲು ಮೇಲಕ್ಕೆ ಎಬ್ಬಿಸಿದರು. ಒಳನಾಡಿನ ಹೆಣ್ಣುಮಕ್ಕಳು ಉಳಿದವರನ್ನೆಲ್ಲ ಬದಲಾಯಿಸಿದರೂ ಆ ಹೆಂಗಸನ್ನ ಮುಟ್ಟಲೇ ಇಲ್ಲ. ಅವಳು ಏಳಬಹುದು ಅಂತ ಅವರಿಗೆ ತೋಚಲೇ ಇಲ್ಲ. ಬದಲಾವಣೆ ಯಾರಿಂದ ಆಗುತ್ತೆ ಅಂತ ನಾವು ನಂಬಿದ್ದೀವೋ ಅದನ್ನ ಬಾಯಿಗಿಂತ ಮೊದಲು ನಮ್ಮ ಕೈ ಹೇಳಿಬಿಡುತ್ತೆ. ಇಂಥದೇ ಚಿತ್ರ ನಿಮ್ಮ ನಿಮ್ಮ ತಾಲ್ಲೂಕಿನಲ್ಲೂ ಇದೆ. ಅದನ್ನ ಕಟ್ಟಿದಾಗ ನೀವು ಮೊದಲು ಯಾರನ್ನ ಎಬ್ಬಿಸ್ತೀರಿ ಅಂತ ನೋಡೋಕೆ ನಾವು ಕಾಯ್ತಾ ಇದ್ದೀವಿ. ಬಂಗಾಳದಲ್ಲಿ 1985ರಲ್ಲಿ ಶುರುವಾದ ಜನಸಂಸ್ಕೃತಿ ಅನ್ನೋ ತಂಡದವರು ಹಳ್ಳಿ ಹಳ್ಳಿಗಳಲ್ಲಿ ಈ ದಾರಿಯ ನಾಟಕ ಕಟ್ಟಿದ್ದಾರೆ. ಹಾಗಾಗಿ ನಮ್ಮ ದೇಶದ ಮಣ್ಣಿಗೆ ಇದು ಒಗ್ಗೋದಿಲ್ಲ ಅನ್ನೋ ನೆಪ ಬೇಡ.

ಕೆಲವು ಎಚ್ಚರದ ಮಾತು. ಬರೀ ಹೊಟ್ಟೆಯಲ್ಲಿ ಯಾರೂ ಆಟಕ್ಕೆ ಇಳೀಬೇಡಿ. ಬೆಳಿಗ್ಗೆ ಮೆಸ್ಸಿನಲ್ಲಿ ಏನೂ ಸಿಕ್ಕದಿದ್ದರೆ ಹೇಳಿ, ಬಾಳೆಹಣ್ಣು ತರಿಸಿದ್ದೀವಿ. ಮುದ್ದೆ ಉಂಡು ಎರಡು ಗಂಟೆ ಆಗೋವರೆಗೆ ನೆಲದ ಮೇಲಿನ ಆಟ ಬೇಡ. ಸಿಮೆಂಟು ನೆಲದ ಮೇಲೆ ಮಂಡಿ ಊರೋ ಮುಂಚೆ ಗೋಣಿಚೀಲ ಹಾಸಿಕೊಳ್ಳಿ. ನೋವಾದರೆ ಹಲ್ಲು ಕಚ್ಚಿ ತಡೆದುಕೊಳ್ಳೋ ಅಭ್ಯಾಸ ನಮಗೆ ಜಾಸ್ತಿ. ಇಲ್ಲಿ ಅದನ್ನ ಯಾರೂ ಮೆಚ್ಚೋದಿಲ್ಲ, ನಿಲ್ಲಿಸಿ ಅಂತ ಗಟ್ಟಿಯಾಗಿ ಹೇಳಿ. ತಂಗಿಯರು ಯಾವ ಆಟದಲ್ಲಿ ಯಾರ ಜೊತೆ ಅನ್ನೋದನ್ನ ಅವರೇ ತೀರ್ಮಾನ ಮಾಡಲಿ. ಗಂಡುಹುಡುಗರು ಸಲಹೆ ಕೊಡೋಕೆ ಹೋಗಬೇಡಿ.

ಹಿಂದಿನ ಬಯಲಲ್ಲಿ ಸುಣ್ಣದ ಗೆರೆ ಎಳೆದಿದೆ. ಈ ಗೆರೆಯಿಂದ ಆ ಗೆರೆಗೆ ಹತ್ತು ಮೀಟರ್. ಮೊದಲು ಎಂಟು ಜನ ಬನ್ನಿ. ಕೊನೆಗೆ ಬಂದವರು ಗೆದ್ದ ಹಾಗೆ.